ಬಿಳಿ ಐದಕ್ಕೆ ಏರಿಸಿದ ಹಾಡು

ಹುಣಸೂರಿನಿಂದ ಎಚ್.ಡಿ. ಕೋಟೆಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿಗೆ ಎಲ್ಲರೂ ಟವೆಲ್ ಎಸೆಯುತ್ತಾರೆ. ಶ್ರಾವಣ ಕಳೆದ ಮೇಲೆ ನಾನು ಮಾತ್ರ ಆ ಸೀಟಿನ ಗೊಡವೆಗೆ ಹೋಗುವುದಿಲ್ಲ. ದಾರಿಯುದ್ದಕ್ಕೂ ಬ್ಯಾರನ್ ಅನ್ನುವ ಒಲೆಮನೆಗಳಲ್ಲಿ ಹೊಗೆಸೊಪ್ಪು ಬೇಯುತ್ತಿರುತ್ತದೆ. ಬೆಲ್ಲದ ಪಾಕಕ್ಕೆ ಒಣಹುಲ್ಲು ಬಿದ್ದಂಥ ವಾಸನೆ. ಅದು ಮೂಗಿಗೆ ಬಡಿದರೆ ಲೋಕೇಶ ನೆನಪಾಗುತ್ತಾನೆ. ಲೋಕೇಶ ನೆನಪಾದರೆ ಮೈ ಉರಿಯುತ್ತದೆ. ಒಂಬತ್ತು ವರ್ಷ ಆಯಿತು. ದಿನ ಕಳೆದಂತೆ ಎಲ್ಲ ಮರೆತುಹೋಗುತ್ತದೆ ಅನ್ನುವವರನ್ನು ಕಂಡರೆ ನನಗಾಗುವುದಿಲ್ಲ. ನನಗೆ ಒಂದೂ ಮರೆತಿಲ್ಲ, ಮರೆಯುವ ಇಷ್ಟವೂ ಇಲ್ಲ.

ನಾನು ಹುಣಸೂರಿನಲ್ಲಿ ಸಂಗೀತದ ಟೀಚರು. ಹೋದ ತಿಂಗಳು ಅದೇ ದಾರಿಯ ಹ್ಯಾಂಡ್‌ಪೋಸ್ಟ್ ಹತ್ತಿರದ ಒಂದು ಸ್ಕೂಲಿನವರು ಮಕ್ಕಳ ಹಾಡಿನ ಸ್ಪರ್ಧೆಗೆ ತೀರ್ಪು ಹೇಳಲು ಕರೆದಿದ್ದರು. ಬಸ್ಸು ತುಂಬಿತ್ತು. ಯಾರೋ ಪುಣ್ಯಾತ್ಮ ಎದ್ದು ಜಾಗ ಕೊಟ್ಟ, ಅದೂ ಕಿಟಕಿ ಪಕ್ಕಕ್ಕೇ. ಲೋಕೇಶನ ಊರಿಗೆ ತಿರುಗುವ ಗೇಟು ಬರುವ ಮೊದಲೇ ವಾಸನೆ ಬಂತು.

ಊರಿನ ಹೆಸರು ಹೇಳುವುದಿಲ್ಲ. ಕಾಡಂಚಿನ ಊರು, ಮುಸ್ಸಂಜೆಗೇ ಆನೆಗಳು ಹೊಲಕ್ಕೆ ಇಳಿಯುವ ಊರು. ಅಲ್ಲಿ ಅಪ್ಪನ ಜೊತೆ ಒಂದು ಸೊಪ್ಪಿನ ಕಾಲ ಪೂರ್ತಿ ಇದ್ದೆ, ಆಷಾಢದಿಂದ ಹಿಡಿದು ದಸರಾ ಮುಗಿಯುವವರೆಗೆ.

ಅಪ್ಪ ನಾಟಕದ ಹಾರ್ಮೋನಿಯಂ ಮೇಷ್ಟ್ರು. ಊರೂರು ಸುತ್ತಿ ರೈತರಿಗೆ ನಾಟಕ ಕಲಿಸುವುದೇ ಕೆಲಸ. ಬೆಟ್ಟದಪುರದಲ್ಲಿ ನಮಗೊಂದು ಮನೆ ಇತ್ತು ಅನ್ನುವುದು ಹೆಸರಿಗೆ, ವರ್ಷದಲ್ಲಿ ಎಂಟು ತಿಂಗಳು ಅದಕ್ಕೆ ಬೀಗ. ಮೇಷ್ಟ್ರು ಒಂದು ಊರಿಗೆ ಹೋದರೆ ನಾಟಕ ಆಗುವವರೆಗೂ ಆ ಊರಿನವರೇ. ಮಲಗಲು ಯಾರದೋ ಒಂದು ಕೋಣೆ, ಊಟಕ್ಕೆ ಪಾತ್ರಧಾರಿಗಳ ಮನೆಯ ಸರದಿ. ಇವತ್ತು ರಾಜನ ಮನೆ, ನಾಳೆ ಮಂತ್ರಿಯ ಮನೆ, ನಾಡಿದ್ದು ಸೇವಕನ ಮನೆ. ಸಾರು ಮಾತ್ರ ಸೇವಕನ ಮನೆಯದೇ ಚೆನ್ನಾಗಿರುತ್ತಿತ್ತು. ಅಮ್ಮ ತೀರಿಕೊಂಡ ಮೇಲೆ ನಾನೂ ಅಪ್ಪನ ಹಿಂದೆ ಹೊರಟೆ. ಆ ಹೊತ್ತಿಗೆ ಅಪ್ಪನ ಬಲಗೈ ಬೆರಳುಗಳು ನಡುಗಲು ಶುರುವಾಗಿದ್ದವು. ಅದು ಯಾರಿಗೂ ತಿಳಿಯಬಾರದು ಅಂತ, "ಮಗಳೂ ಕಲೀಲಿ ಕಣ್ರಪ್ಪ" ಎಂದು ಪೆಟ್ಟಿಗೆಯ ಮುಂದೆ ನನ್ನನ್ನು ಕೂರಿಸುತ್ತಿದ್ದರು. ಹಾರ್ಮೋನಿಯಂಗೆ ನಾವು ಪೆಟ್ಟಿಗೆ ಅಂತಲೇ ಅನ್ನುವುದು. ನನಗೆ ಆಗ ಇಪ್ಪತ್ತೆರಡು, ಡಿಗ್ರಿ ಮುಗಿದಿತ್ತು, ಮೂಗಿನ ತುದಿಯಲ್ಲಿ ಕೋಪ ಆಗಲೂ ಇತ್ತು.

ಮೂವತ್ತು ವರ್ಷ ಬೇರೆಯವರ ನಾಟಕ ಕಲಿಸಿದ ಅಪ್ಪ ಆ ಸಲ ತಾವೇ ಒಂದು ಬರೆದಿದ್ದರು. ಕಥೆ ದೊಡ್ಡದೇನಲ್ಲ. ಒಬ್ಬ ರಾಜಕುಮಾರ ಅರಮನೆಯ ತೋಟಗಿತ್ತಿಯ ಮಗಳನ್ನು ಮೆಚ್ಚುತ್ತಾನೆ. ಸಿಂಹಾಸನದ ಆಸೆಗೆ ಅವಳನ್ನು ಬಿಟ್ಟು ಬೇರೆ ರಾಜ್ಯದ ಹೆಣ್ಣನ್ನು ಮದುವೆಯಾಗುತ್ತಾನೆ. ಮುಪ್ಪಿನಲ್ಲಿ ಆ ಹಳೆಯ ಹುಡುಗಿಯ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಬಾಗಿಲ ಮುಂದೆ ಅವನು ಹಾಡಬೇಕಾದ ಹಾಡು ಮಾತ್ರ ಅಪ್ಪನಿಗೆ ಕೂಡಿಬಂದಿರಲಿಲ್ಲ. ಬರೆಯುವುದು, ಹರಿಯುವುದು, ಬೀಡಿ ಹಚ್ಚುವುದು. ಅಪ್ಪನಿಗೆ ಹಾಡಿನ ವಿಷಯದಲ್ಲಿ ಬಲು ಹಟ.

"ಪಾತ್ರಕ್ಕೆ ದುಃಖ ಆದ ತಕ್ಷಣ ಹಾಡು ಬರಬಾರದು ಕಣ್ರೋ," ಎನ್ನುತ್ತಿದ್ದರು. "ಮೊದ್ಲು ಮಾತಾಡ್ಲಿ, ಬೈಯ್ಲಿ, ಸುಳ್ಳು ಹೇಳ್ಲಿ. ಮಾತೆಲ್ಲ ಖಾಲಿಯಾಗಿ, ಬಾಯಿ ಮುಚ್ಕೊಂಡು ಇರಾಕೂ ಆಗಲ್ಲ ಅನ್ನೋ ಹೊತ್ಗೆ ಹಾಡು ಬರ್ಬೇಕು. ಅಂಥ ಜಾಗದಲ್ಲಿ ಬುಕ್ಕು ಓದೋರು ಪುಟ ತಿರುವಾಕೆ ಮರೀತಾರೆ, ನಾಟ್ಕ ನೋಡೋರು ಕಳ್ಳೆಕಾಯಿ ಬಿಡ್ಸೋದು ನಿಲ್ಲಿಸ್ತಾರೆ. ಪ್ರೀತಿ ಅಂದ್ರೆ ಬರೀ ಬಾಯ್ಮಾತಲ್ಲ ಅಂತ ಜನಕ್ಕೆ ಗೊತ್ತಾಗೋದೇ ಆವಾಗ."

ರಾಜಕುಮಾರ ಲೋಕೇಶ. ಊರಿನ ದೊಡ್ಡ ಮನೆಯ ಮಗ, ಅವರದೇ ಎರಡು ಬ್ಯಾರನ್. ನಮ್ಮ ಪ್ರಾಕ್ಟೀಸು ನಡೆಯುತ್ತಿದ್ದುದು ಅದರ ಪಕ್ಕದ ಶೆಡ್ಡಿನಲ್ಲಿ. ಬ್ಯಾರನ್‌ಗೆ ಬೆಂಕಿ ಹಾಕಿದರೆ ಸೊಪ್ಪು ಬೆಂದು ಒಣಗುವ ಐದಾರು ದಿನ ಒಲೆ ಬಿಟ್ಟು ಕದಲುವಂತಿಲ್ಲ. ಕಾವು ಹೆಚ್ಚಾದರೂ ಕೆಟ್ಟಿತು, ಕಡಿಮೆಯಾದರೂ ಕೆಟ್ಟಿತು. ಹಾಗಾಗಿ ರಾಜ, ಮಂತ್ರಿ, ಸೇನಾಪತಿ ಎಲ್ಲ ಅಲ್ಲಿಗೇ ಬರುತ್ತಿದ್ದರು. ಲೋಕೇಶ ಮಾತಿನ ನಡುವೆ ಎದ್ದು ಹೋಗಿ ಒಲೆಗೆ ಒಂದು ಕೊರಡು ತಳ್ಳಿ, ಬಂದು, "ಎಲವೋ ಸೇನಾಪತಿ" ಎಂದು ಮುಂದುವರಿಸುತ್ತಿದ್ದ. ಮಧ್ಯಾಹ್ನ ಮೂರಕ್ಕೆ ಶುರು ಮಾಡಿ, ಆನೆಯ ಭಯಕ್ಕೆ ಹೊತ್ತು ಮುಳುಗುವ ಮುಂಚೆ ಮುಗಿಸುತ್ತಿದ್ದೆವು.

ಬೆಳಗಿನ ಹೊತ್ತು ನನಗೆ ಕೆಲಸವಿರಲಿಲ್ಲ. ಊಟ ಹಾಕುವ ಊರಿನಲ್ಲಿ ಕೈಕಟ್ಟಿ ಕೂರಲು ನಾಚಿಕೆಯಾಗಿ, ಹೆಂಗಸರ ಜೊತೆ ಸೊಪ್ಪು ಕಟ್ಟಲು ಹೋಗುತ್ತಿದ್ದೆ. ಹಸಿ ಎಲೆಯನ್ನು ದಾರ ಹಾಕಿ ಉದ್ದನೆ ಕಡ್ಡಿಗೆ ಕಟ್ಟುವುದು. ಒಂದು ಗಂಟೆ ಕಟ್ಟಿದರೆ ಅದರ ಅಂಟು ಹತ್ತಿ ಅಂಗೈ ಕಪ್ಪಾಗುತ್ತದೆ, ಸೋಪಿಗೆ ಜಗ್ಗುವುದಿಲ್ಲ. ಆ ಕೈಯಲ್ಲಿ ಪೆಟ್ಟಿಗೆ ನುಡಿಸಿದರೆ ಬೆರಳಿಡುವ ಬಿಳಿ ಮನೆಗಳೆಲ್ಲ ಕೊಳೆ. ಲೋಕೇಶ ಅದನ್ನು ನೋಡಿ ಒಂದು ದಿನ ಎರಡು ಟೊಮೇಟೊ ತಂದ.

"ಇದ್ನ ಹಿಂಡಿ ಉಜ್ಜಿದ್ರೆ ಓಯ್ತದೆ. ತಾ ಇಲ್ಲಿ," ಎಂದು ನನ್ನ ಕೈ ಹಿಡಿದುಕೊಂಡ.

"ಯಾರಾದ್ರೂ ನೋಡಿದ್ರೆ?"

"ನೋಡ್ಲಿ ಬುಡು. ಕೈ ತೊಳೀತಾವ್ನೆ ಅಂತಾರೆ ಅಷ್ಟೇಯ."

ಅಷ್ಟಕ್ಕೇ ಬಿದ್ದೆ. ಈಗ ನೆನೆದರೆ ನನ್ನ ಕಪಾಳಕ್ಕೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ. ಎರಡು ಟೊಮೇಟೊಗೆ! ಆಮೇಲೆ ಎರಡು ತಿಂಗಳು ದಿನಾ ಕೈ ತೊಳೆಯುವುದು ನಡೆಯಿತು. ಅವನ ದನಿ ಚೆನ್ನಾಗಿತ್ತು, ಅದರಲ್ಲಿ ಸುಳ್ಳು ಹೇಳಬಾರದು. ಪೆಟ್ಟಿಗೆಯ ಎರಡನೆಯ ಬಿಳಿ ಮನೆಯನ್ನು ಷಡ್ಜ ಮಾಡಿಕೊಂಡು ಹಾಡುತ್ತಿದ್ದ. ಅದಕ್ಕೆ ಬಿಳಿ ಎರಡು ಅನ್ನುತ್ತೇವೆ, ಗಂಡಸರ ಗಂಟಲಿಗೆ ಹಿತ. ನನ್ನದು ಬಿಳಿ ಐದು, ಹೆಂಗಸರ ಶ್ರುತಿ. "ದಸರಾ ಕಳೀಲಿ, ಮನೇಲಿ ಮಾತಾಡ್ತೀನಿ, ನೀನೇನೂ ಯೋಚ್ನೆ ಮಾಡ್ಬ್ಯಾಡ" ಎಂದು ಅವನು ಹೇಳಿದ್ದು ಬಿಳಿ ಎರಡಕ್ಕಿಂತ ಮೆತ್ತಗಿನ ದನಿಯಲ್ಲಿ. ನಾನು ನಂಬಿದೆ.

ಭಾದ್ರಪದದಲ್ಲಿ ನಾಲ್ಕು ದಿನ ಅವನು ಪ್ರಾಕ್ಟೀಸಿಗೆ ಬರಲಿಲ್ಲ. ನೆಂಟರ ಊರಿಗೆ ಹೋಗಿದಾನೆ ಅಂದರು. ಆ ಊರಿನಲ್ಲಿ ಫೋನಿಗೆ ಸಿಗ್ನಲ್ ಸಿಗಬೇಕಾದರೆ ನೀರಿನ ಟ್ಯಾಂಕ್ ಹತ್ತಬೇಕು. ಹತ್ತಿ ಮಾಡಿದೆ, ಎತ್ತಲಿಲ್ಲ. ನಾಲ್ಕನೆಯ ದಿನ ಒಂದು ಕಾಗದ ಬರೆದೆ. ಕಾದಂಬರಿಗಳಲ್ಲಿ ಹುಡುಗಿಯರು ಇಂಥ ಕಾಗದ ಬರೆದು ಹರಿದು ಹಾಕುತ್ತಾರೆ. ನಾನು ಬುದ್ಧಿಗೇಡಿ, ಅವನು ಬಂದ ದಿನ ಅವನ ಪಾರ್ಟು ಬುಕ್ಕಿನೊಳಗೆ ಇಟ್ಟೆ.

ಎರಡು ದಿನ ಕಳೆದು ಅವನು ಅಪ್ಪನ ಮುಂದೆ ಬಂದು, "ಮೇಷ್ಟ್ರೇ, ಬಾಗ್ಲು ಸೀನಿಗೆ ನಾನೇ ಒಂದು ಹಾಡು ಬರ್ದಿವ್ನಿ, ನೋಡಿ" ಎಂದು ಒಂದು ಹಾಳೆ ಕೊಟ್ಟ. ಅಪ್ಪ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು.

"ಬರುವೆನೆಂದು ಹೇಳಬೇಡ, ಬಾರೆನೆಂದೂ ಹೇಳಬೇಡ,
ಬಾಗಿಲ ಮುಚ್ಚಲೆ, ತೆರೆದಿಡಲೆ, ಅದೊಂದ ಹೇಳು.
ಕೈಗೆ ಹತ್ತಿದ ಕಪ್ಪು ಉಜ್ಜಿದರೆ ಹೋದೀತು,
ಕಿವಿಗೆ ಹತ್ತಿದ ದನಿಯ ಯಾವುದರಲಿ ಉಜ್ಜಲಿ?"

ನನ್ನ ಕಾಗದ. ಕೆಳಗಿದ್ದ ಇನ್ನೊಂದು ಚರಣವೂ ಸೇರಿ ಅಕ್ಷರ ಅಕ್ಷರ ನನ್ನದು. ಬೆರಳು ಪೆಟ್ಟಿಗೆಯ ಮೇಲೆ ಹಾಗೇ ನಿಂತುಹೋಯಿತು. ಇಡೀ ಶೆಡ್ಡಿನಲ್ಲಿ ಹದಿನೈದು ಜನ ಕೂತು ನನ್ನ ಎದೆಯೊಳಗಿನ ಮಾತಿಗೆ ತಲೆದೂಗುತ್ತಿದ್ದರು.

"ಹೊರಗೆ ನಿಂತಿರೋನು ಬಾಗ್ಲು ಮುಚ್ಚಲಾ ಅಂತ ಕೇಳ್ತಾನೇನಪ್ಪಾ?" ಎಂದರು ಅಪ್ಪ. "ಹೋಗ್ಲಿ, ಎದೆ ಬಾಗ್ಲು ಅಂದ್ಕೋತಾರೆ ಜನ. ಆದ್ರೆ ರಾಜಕುಮಾರನ ಕೈಗೆ ಕಪ್ಪು ಯಾಕೆ ಹತ್ತಿತು?"

ಲೋಕೇಶ ಒಂದು ಗಳಿಗೆ ತಬ್ಬಿಬ್ಬಾದ. "ಕತ್ತಿ ಹಿಡ್ದು ಹಿಡ್ದು, ಮೇಷ್ಟ್ರೇ."

"ಆಗ್ಲಿ ಕಣಪ್ಪ. ಬಾಳ ಚೆನ್ನಾಗಿ ಬರ್ದಿದೀಯ. ನಾನು ಆರು ತಿಂಗ್ಳು ತಿಣುಕಿದ್ರೂ ಬರದಿದ್ದು ನಿಂಗೆ ಬಂದದೆ," ಎಂದು ಅಪ್ಪ ಅವನ ಬೆನ್ನು ತಟ್ಟಿದರು. ಆ ಸಂಜೆಯೇ ರಾಗ ಕೂಡಿಸಿದರು. ನಾನೇ ನುಡಿಸಿದೆ. ಆ ಹೊತ್ತು ನನ್ನ ಬೆರಳಿಗೆ ಹುಳ ಬೀಳಬಾರದಿತ್ತೇ ಅನ್ನಿಸಿತು.

ಮಾರನೆಯ ದಿನ ಊಟದ ಸರದಿ ಅವರ ಮನೆಯದು. ಲೋಕೇಶನ ತಾಯಿ ಮುದ್ದೆಗೆ ಸಾರು ಬಿಡುತ್ತಾ, "ನಮ್ಮ ಲೋಕಿಗೆ ಹೆಣ್ಣು ಗೊತ್ತಾಯ್ತು ಕಣವ್ವ. ಕೆ.ಆರ್. ನಗರದ ಕಡೆಯೋರು, ನಾಲೆ ನೀರಿನ ಗದ್ದೆ. ಬೀಗ್ರು ನಾಟ್ಕಕ್ಕೂ ಬತ್ತಾವ್ರೆ. ನೀನು ಪೆಟ್ಗೆ ಚೆಂದಾಗಿ ನುಡ್ಸು ಮಗಾ, ನಮ್ಮ ಮಾನ ನಿನ್ನ ಕೈಲದೆ" ಎಂದರು. ಪಾಪ, ಆ ತಾಯಿಗೆ ಏನೂ ಗೊತ್ತಿರಲಿಲ್ಲ. ಮುದ್ದೆ ತಟ್ಟೆಯಲ್ಲೇ ಉಳಿಯಿತು. ನೀರು ಕುಡಿದು ಎದ್ದೆ.

ಅವನನ್ನು ಬ್ಯಾರನ್ ಒಲೆಯ ಹತ್ತಿರ ಹಿಡಿದೆ.

"ಅದು ನನ್ನ ಕಾಗದ."

"ಊಂ ಕಣೆ. ಅದಕ್ಕೇನೀಗ? ಹಾಡಿಗೆ ಚೆನ್ನಾಗಿ ಒಗ್ತು. ಎಲ್ರೂ ಮೆಚ್ಕಳ್ಳೋದು ನಿನ್ನ ಮಾತ್ನೇ ಅಲ್ವಾ? ಖುಷಿ ಪಡು."

"ಮದುವೆ ಮಾತು?"

"ನಮ್ಮಪ್ಪನ ಮಾತು ಮೀರಾಕಾಯ್ತದಾ? ನೀನೇ ಯೋಳು. ಓದ್ದೋಳು, ಅರ್ಥ ಮಾಡ್ಕೋ."

"ಕಾಗದ ವಾಪಸ್ ಕೊಡು."

ಅವನು ಒಲೆಯ ಕಡೆ ಗದ್ದ ತೋರಿಸಿದ. "ಬಾಯಿಪಾಠ ಮಾಡ್ಕಂಡು ಒಳಕ್ ಹಾಕ್ಬುಟ್ಟೆ. ಯಾರ ಕೈಗಾದ್ರೂ ಸಿಕ್ಕಿದ್ರೆ ನಿಂಗೇ ಕೆಟ್ಟ ಹೆಸ್ರು ಕಣೆ."

ನನ್ನ ಒಳ್ಳೆಯದಕ್ಕೇ ಸುಟ್ಟನಂತೆ! ನನ್ನನ್ನು ಬಿಟ್ಟಿದ್ದಕ್ಕೆ ಅತ್ತುಬಿಡುತ್ತಿದ್ದೆನೋ ಏನೋ. ಹುಡುಗರು ಕೈಕೊಡುತ್ತಾರೆ, ಹುಡುಗಿಯರು ಅಳುತ್ತಾರೆ, ಅದು ಎಲ್ಲ ಊರಿನಲ್ಲೂ ಇದ್ದದ್ದೇ. ಆದರೆ ನನ್ನ ಸಂಕಟವನ್ನು ಕದ್ದು, ತನ್ನ ಹೆಸರು ಹಾಕಿಕೊಂಡು, ನನ್ನ ಕೈಯಲ್ಲೇ ನುಡಿಸಿ, ತನ್ನ ಹೆಂಡತಿಯಾಗುವವಳ ಮುಂದೆ ಹಾಡಿ ಚಪ್ಪಾಳೆ ಗಿಟ್ಟಿಸಲು ಹೊರಟಿದ್ದ. ನನಗೆ ಅವನು ಬೇಡವಾಗಿದ್ದ. ಆ ಮಾತುಗಳು ವಾಪಸ್ ಬೇಕಾಗಿದ್ದವು. ಹೇಗೆ ಕೇಳಲಿ? ಸಾಕ್ಷಿ ಬೂದಿಯಾಗಿತ್ತು. ಅಪ್ಪನಿಗೆ ಹೇಳಿದರೆ ಆ ಗಳಿಗೆಯಲ್ಲೇ ಪೆಟ್ಟಿಗೆ ಕಟ್ಟಿ ಬಸ್ ಹತ್ತುತ್ತಿದ್ದರು. ಅವರ ಕೈ ನಡುಗುತ್ತಿತ್ತು, ಬರೆದದ್ದು ಅದೊಂದೇ ನಾಟಕ. ಅದನ್ನು ಕೊಲ್ಲಲು ನನಗೆ ಮನಸ್ಸು ಬರಲಿಲ್ಲ. ಹಲ್ಲು ಕಚ್ಚಿಕೊಂಡು ಇಪ್ಪತ್ತು ದಿನ ಆ ಹಾಡು ನುಡಿಸಿದೆ. ನುಡಿಸುತ್ತಾ ನುಡಿಸುತ್ತಾ ಒಂದು ದಿನ ದಾರಿ ಹೊಳೆಯಿತು.

ನಮ್ಮ ನಾಟಕಗಳಲ್ಲಿ ಪಾತ್ರಧಾರಿ ಹಾಡಿನ ಮುಂಚೆ ಪೆಟ್ಟಿಗೆಯ ಕಡೆ ಕಿವಿ ಕೊಡುತ್ತಾನೆ. ಪೆಟ್ಟಿಗೆ ಯಾವ ಶ್ರುತಿ ಕೊಟ್ಟಿತೋ ಅದೇ ಅವನ ಶ್ರುತಿ, ಬೇರೆ ದಾರಿಯಿಲ್ಲ. ಬಿಳಿ ಎರಡರ ಬದಲು ಬಿಳಿ ಐದು ಕೊಟ್ಟರೆ? ಪಲ್ಲವಿ ಹೇಗೋ ದಾಟುತ್ತಾನೆ. ಚರಣದಲ್ಲಿ ಮೇಲಿನ ಷಡ್ಜಕ್ಕೆ ಹೋಗಬೇಕು, ಅಲ್ಲಿ ಗಂಟಲು ಹರಿಯುತ್ತದೆ. ಬೀಗರ ಮುಂದೆ, ಇಡೀ ಊರಿನ ಮುಂದೆ, ಮೈಕಿನಲ್ಲಿ. ತಬಲ ಬಿಳಿ ಎರಡಕ್ಕೆ ಕಟ್ಟಿರುತ್ತಾರೆ, ಅದು ಐದಕ್ಕೆ ಪಂಚಮವಾಗಿ ಒಗ್ಗಿಕೊಳ್ಳುತ್ತದೆ, ಹಾಗಾಗಿ ಅದರಿಂದಲೂ ಗುಟ್ಟು ಬಯಲಾಗುವುದಿಲ್ಲ. ಪೆಟ್ಟಿಗೆಯ ಮುಂದೆ ಕೂತವರು ಪಾತ್ರಕ್ಕೆ ಕೈಕೊಡುವುದು ನಮ್ಮ ಕಸುಬಿನಲ್ಲಿ ಮಹಾಪಾಪ, ಅದು ಗೊತ್ತಿತ್ತು. ಗೊತ್ತಿದ್ದೇ ತೀರ್ಮಾನ ಮಾಡಿದೆ, ಆ ದಿನ ಹೊಟ್ಟೆ ತುಂಬ ಉಂಡೆ.

ಆನೆಗಳ ದೆಸೆಯಿಂದ ಆ ಊರಿನಲ್ಲಿ ನಾಟಕ ಹಗಲು ಹೊತ್ತೇ. ಆಯುಧಪೂಜೆ ಕಳೆದು ಮೂರನೆಯ ದಿನ, ಬೆಳಿಗ್ಗೆ ಹತ್ತಕ್ಕೆ ಪರದೆ ಎದ್ದಿತು. ಶಾಮಿಯಾನದ ತೂತಿನಿಂದ ಬಿಸಿಲು ರಾಜನ ಮುಖಕ್ಕೇ ಬೀಳುತ್ತಿತ್ತು, ಮಂತ್ರಿಯ ಮೀಸೆ ಬೆವರಿಗೆ ಜಾರಿ ಗದ್ದಕ್ಕೆ ಬಂದಿತ್ತು. ಮುಂದಿನ ಸಾಲಿನ ಕುರ್ಚಿಗಳಲ್ಲಿ ಬೀಗರು. ನಡುವೆ ಹಳದಿ ಸೀರೆಯ ಹುಡುಗಿ, ಲೋಕೇಶನಿಗೆ ಗೊತ್ತಾದ ಹೆಣ್ಣು, ರಶ್ಮಿ ಅಂತ ಹೆಸರು. ಮಧ್ಯಾಹ್ನ ಎರಡರ ಹೊತ್ತಿಗೆ ಬಾಗಿಲ ಸೀನು ಬಂತು. ಅಷ್ಟರಲ್ಲಿ ಮೈಕು ಹಿಡಿದವನು, "ಈ ಹಾಡಿನ ಸಾಹಿತ್ಯ, ನಮ್ಮೂರಿನ ಹೆಮ್ಮೆಯ ಯುವಕ ಲೋಕೇಶ್" ಎಂದು ಕೂಗಿದ. ಚಪ್ಪಾಳೆ ಬಿತ್ತು. ಎಳ್ಳಷ್ಟು ಅಳುಕು ಉಳಿದಿದ್ದರೆ ಅದೂ ಆಗ ಹೋಯಿತು. ಬಿಳಿ ಐದರ ಮೇಲೆ ಬೆರಳಿಟ್ಟು ಶ್ರುತಿ ಕೊಟ್ಟೆ.

ತಬಲದ ಮಾದಣ್ಣ ತಟ್ಟನೆ ನನ್ನ ಮುಖ ನೋಡಿದ. ನಾನು ನೋಡಲಿಲ್ಲ.

ಲೋಕೇಶ ಪಲ್ಲವಿ ಎತ್ತಿದ. ಏನೋ ಬಿಗಿ ಅನ್ನಿಸಿರಬೇಕು, ಕುತ್ತಿಗೆಯ ನರ ಉಬ್ಬಿತು. ನಿಲ್ಲಿಸುವಂತಿರಲಿಲ್ಲ. "ಕೈಗೆ ಹತ್ತಿದ ಕಪ್ಪು" ಎಂದು ಮೇಲಕ್ಕೆ ಹೋದ. "ಕಿವಿಗೆ ಹತ್ತಿದ" ಅನ್ನುವಲ್ಲಿ ದನಿ ಒಡೆಯಿತು. ಒಡೆದೇ ಹೋಯಿತು. ಷಡ್ಜಕ್ಕೆ ಕೈ ಚಾಚಿ, ಸಿಗದೆ, ಗಾಳಿ ಮಾತ್ರ ಬಂತು, ಕಣ್ಣಲ್ಲಿ ನೀರು ಬಂತು. ನಾನು ಒಳಗೊಳಗೇ ಕುಣಿದೆ. ಈಗ ನಗುತ್ತಾರೆ, ಈಗ ಶಿಳ್ಳೆ ಹಾಕುತ್ತಾರೆ ಎಂದು ಕಾದೆ.

ಯಾರೂ ನಗಲಿಲ್ಲ. ಎರಡು ಸಾವಿರ ಜನ ಉಸಿರು ಬಿಡದೆ ಕೂತಿದ್ದರು. ಮುಂದಿನ ಸಾಲಿನಲ್ಲಿ ಒಬ್ಬ ಅಜ್ಜಿ ಸೆರಗು ಬಾಯಿಗೆ ತುರುಕಿಕೊಂಡು ಅಳುತ್ತಿತ್ತು. ಬೀಗರು ಅಳುತ್ತಿದ್ದರು. ಹಾಡು ಮುಗಿದಾಗ ಶಾಮಿಯಾನ ಹಾರಿಹೋಗುವ ಹಾಗೆ ಕೂಗು ಎದ್ದಿತು. "ಒನ್ಸ್ ಮೋರ್! ಒನ್ಸ್ ಮೋರ್!"

ಅಯ್ಯೋ ನನ್ನ ಕರ್ಮವೇ! ಅವನ ಮಾನ ತೆಗೆಯಲು ಹೋಗಿ ಅವನನ್ನು ದೊಡ್ಡ ನಟ ಮಾಡಿ ಕೂರಿಸಿದ್ದೆ. ನನ್ನ ಮಾತು, ನನ್ನ ಶ್ರುತಿ, ನನ್ನ ಸಿಟ್ಟು, ಎಲ್ಲ ಸೇರಿ ಅವನ ಗಂಟಲಿನಲ್ಲಿ ನಿಜವಾದ ದುಃಖದ ಹಾಗೆ ಕೇಳಿಸಿತ್ತು. ಜನ ಅತ್ತಿದ್ದು ನನ್ನ ಸಂಕಟಕ್ಕೆ. ಹಾರ ಬಿದ್ದಿದ್ದು ಅವನ ಕೊರಳಿಗೆ. ಅವನಂತೂ ಎದೆಯ ಮೇಲೆ ಕೈಯಿಟ್ಟು ಬಾಗಿ ಬಾಗಿ ನಮಸ್ಕಾರ ಮಾಡುತ್ತಿದ್ದ.

ಒನ್ಸ್ ಮೋರ್ ಬಿದ್ದರೆ ಪಾತ್ರಧಾರಿ ಸತ್ತು ಬಿದ್ದಿದ್ದರೂ ಎದ್ದು ಹಾಡಬೇಕು, ಅದು ನಮ್ಮ ನಾಟಕದ ಪದ್ಧತಿ. ಅವನು ಪೆಟ್ಟಿಗೆಯ ಕಡೆ ಕಿವಿ ಕೊಟ್ಟ. ಆಗ ನನಗೆ ಅರ್ಥವಾಯಿತು. ಮತ್ತೆ ಐದು ಕೊಟ್ಟರೆ ಮತ್ತೆ ಅಳುತ್ತಾರೆ. ನನ್ನದನ್ನು ಇನ್ನೊಂದು ಸಲ ಇವನಿಗೆ ಯಾಕೆ ಕೊಡಲಿ? ತಗೋ, ನಿನ್ನ ಶ್ರುತಿ ನಿನಗೆ ಎಂದು ಬಿಳಿ ಎರಡಕ್ಕೆ ಇಳಿಸಿದೆ.

ಸಲೀಸಾಗಿ ಹಾಡಿದ. ಒಂದು ಸ್ವರ ಜಾರಲಿಲ್ಲ, ಎಲ್ಲಿಯೂ ದನಿ ನಡುಗಲಿಲ್ಲ, ಕೊನೆಯಲ್ಲಿ ಸ್ವರಗಳನ್ನು ಸರಸರ ಉರುಳಿಸಿ ಒಂದು ಸಣ್ಣ ಬಿರ್ಕಾ ಬೇರೆ ಹಾಕಿದ. ಪಲ್ಲವಿ ಮುಗಿಯುವ ಹೊತ್ತಿಗೆ ಜನ ಕದಲತೊಡಗಿದರು. ಚರಣಕ್ಕೆ ಕಳ್ಳೆಕಾಯಿ ಸಿಪ್ಪೆಯ ಸದ್ದು ಕೇಳಿಸಿತು. "ಮೊದ್ಲಿನಂಗಿಲ್ಲ ಬುಡ್ಲಾ, ಬಾ, ಟೀ ಕುಡ್ಕಂಬರವ" ಎಂದು ಯಾರೋ ಎದ್ದು ಹೋದರು. ಎರಡನೆಯ ಸಲ ಚಪ್ಪಾಳೆ ಬಿತ್ತು, ಕರೆದ ತಪ್ಪಿಗೆ ತಟ್ಟಿದ ಹಾಗೆ. ಲೋಕೇಶನ ಮುಖದಲ್ಲಿ ಏನಾಯಿತು ಅನ್ನುವುದೇ ತಿಳಿಯದ ಪೆಚ್ಚು ಕಳೆ. ಸ್ವಲ್ಪ ತಂಪಾಯಿತು ನನಗೆ, ಸ್ವಲ್ಪ ಮಾತ್ರ.

ನಾಟಕ ಮುಗಿದು ಬಣ್ಣದ ಕೋಣೆಯಲ್ಲಿ ಪೆಟ್ಟಿಗೆಗೆ ಬಟ್ಟೆ ಸುತ್ತುತ್ತಿದ್ದೆ. ಹಳದಿ ಸೀರೆಯ ಹುಡುಗಿ ಒಬ್ಬಳೇ ಬಂದಳು. ಕಣ್ಣು ಇನ್ನೂ ಕೆಂಪಗಿತ್ತು.

"ಅಕ್ಕ, ಪೆಟ್ಟಿಗೆ ನುಡಿಸಿದ್ದು ನೀವೇ ಅಲ್ವಾ? ಒಂದು ಮಾತು ಕೇಳ್ಲಾ? ಅವರು ಮೊದಲ್ನೇ ಸಲ ಹಾಡ್ದಾಗ ಯಾರನ್ನೋ ನೆನಸ್ಕೊಂಡು ಅತ್ತಂಗಿತ್ತು. ಎರಡ್ನೇ ಸಲ ಹಾಡ್ದಾಗ ಅಲ್ಲಿ ಯಾರೂ ಇರಲಿಲ್ಲ. ಅದ್ಯಾಕಕ್ಕ ಹಂಗೆ?"

ಹುಡುಗಿ ದಡ್ಡಿಯಲ್ಲ. ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಅವನು ಇಲ್ಲ ಅನ್ನುತ್ತಿದ್ದ, ನಾನು ಹೊಟ್ಟೆಕಿಚ್ಚಿನವಳಾಗುತ್ತಿದ್ದೆ, ಅಪ್ಪ ಊರ ಮುಂದೆ ತಲೆತಗ್ಗಿಸಬೇಕಾಗುತ್ತಿತ್ತು. ಹಾಗೆ ಯೋಚಿಸುತ್ತಲೇ ಬಾಯಿಗೆ ಇನ್ನೊಂದು ಮಾತು ಬಂತು.

"ಹಾಡು ಅವರೇ ಬರೆದಿದ್ದಂತೆ?"

"ಹೂಂ, ಹಂಗಂತಾರೆ." ಮುಖ ಅರಳಿತು.

"ಹಂಗಾದ್ರೆ ಮೂರನೇ ಚರಣ ಇರ್ಬೇಕಲ್ವಾ? ಇಲ್ಲಿ ಹಾಡಿದ್ದು ಎರಡೇ. ಮೂರನೇದು ನಿಮಗೋಸ್ಕರ ಇಟ್ಟಿದಾರೆ ಅನ್ನಿಸ್ತದೆ. ಮದುವೆ ಆದ್ಮೇಲೆ ಕೇಳಿ. ಇಲ್ಲ ಅಂತಾರೆ, ನಾಚ್ಕೋತಾರೆ, ಬಿಡಬೇಡಿ. ಹಾಡೋವರ್ಗೂ ಕೇಳಿ."

ಅವಳು ನಾಚಿಕೊಂಡು ಹೋದಳು. ಆ ಹುಡುಗಿ ನನಗೇನೂ ಮಾಡಿರಲಿಲ್ಲ. ಅದು ಗೊತ್ತಿದ್ದೂ ಹೇಳಿದೆ. ಎರಡು ಚರಣ ಕದ್ದವನು ಮೂರನೆಯದಕ್ಕೆ ಎಲ್ಲಿಗೆ ಹೋಗುತ್ತಾನೆ, ಜೀವಮಾನವೆಲ್ಲ ತಡಕಾಡಲಿ ಎಂದುಕೊಂಡು ಪೆಟ್ಟಿಗೆಯ ಗಂಟು ಬಿಗಿದೆ.

ನಾಲ್ಕೂವರೆ ಬಸ್ಸಿಗೆ ಗೇಟಿನವರೆಗೆ ನಡೆದು ಬಂದೆವು. ಅಪ್ಪ ಬಸ್ ಸ್ಟಾಪಿನ ಕಲ್ಲಿನ ಮೇಲೆ ಕೂತು ಕೇಳಿದರು.

"ಐದಕ್ಕೆ ಯಾಕೆ ಹಾಕಿದೆ?"

ನಾನು ಬಸ್ಸು ಬರುವ ದಾರಿ ನೋಡಿದೆ.

"ಅವರ ಮನೇಲಿ ಮೂರು ತಿಂಗ್ಳು ಉಂಡಿದೀವಿ ಕಣವ್ವ. ನಾನು ಮೂವತ್ತು ವರ್ಷದಲ್ಲಿ ಒಂದು ಪಾತ್ರಕ್ಕೂ ಹಿಂಗೆ ಮಾಡ್ದೋನಲ್ಲ. ಬೆರಳು ನಡುಗಿದ್ರೂ ಶ್ರುತಿ ತಪ್ಪಿಸ್ದೋನಲ್ಲ. ಪೆಟ್ಟಿಗೆ ಮುಟ್ಟೋ ಯೋಗ್ಯತೆ ಇಲ್ಲ ನಿಂಗೆ." ಅಪ್ಪ ನನ್ನನ್ನು ಅಷ್ಟು ಕಟುವಾಗಿ ಬೈದದ್ದು ಅದೇ ಮೊದಲು. ಆಗ ತಡೆಯಲಾಗಲಿಲ್ಲ. ಎಲ್ಲ ಹೇಳಿದೆ, ಟೊಮೇಟೊದಿಂದ ಹಿಡಿದು ಒಲೆಯವರೆಗೆ. ರಸ್ತೆಯಲ್ಲಿ ಹೋಗುವವರು ತಿರುಗಿ ನೋಡುವ ಹಾಗೆ ಅತ್ತೆ.

ಅಪ್ಪ ಬೀಡಿ ಹಚ್ಚಲು ಹೋದರು, ಕೈ ನಡುಗಿ ಕಡ್ಡಿ ಆರಿತು. ಮೂರನೆಯ ಕಡ್ಡಿಗೆ ಹತ್ತಿತು. ಅರ್ಧ ಬೀಡಿ ಸೇದಿದ ಮೇಲೆ ಮಾತಾಡಿದರು.

"ಐದಲ್ಲ ಮಗಾ. ಆರಕ್ಕೆ ಹಾಕ್ಬೇಕಾಗಿತ್ತು ಆ ಬಡ್ಡಿಮಗನಿಗೆ."

ಅತ್ತುಕೊಂಡೇ ನಕ್ಕೆ. ಅಪ್ಪ ನಗಲಿಲ್ಲ. ಆ ಹಾಡನ್ನು ನಾಟಕದಿಂದ ತೆಗೆದುಹಾಕಿದರು, ಆ ನಾಟಕವನ್ನು ಮತ್ತೆ ಯಾವ ಊರಿನಲ್ಲೂ ಆಡಿಸಲಿಲ್ಲ. ಅಪ್ಪ ಹೋಗಿ ಈಗ ನಾಲ್ಕು ವರ್ಷ. ನಾಟಕದ ಬುಕ್ಕು ನನ್ನ ಹತ್ತಿರವಿದೆ, ಬಾಗಿಲ ಸೀನಿನ ಪುಟ ಖಾಲಿ ಬಿಟ್ಟಿದ್ದಾರೆ. ಅದಕ್ಕೂ ಲೋಕೇಶನೇ ಉತ್ತರ ಹೇಳಬೇಕು.

ಹೋದ ತಿಂಗಳು ಆ ವಾಸನೆ ಕುಡಿದುಕೊಂಡೇ ಹ್ಯಾಂಡ್‌ಪೋಸ್ಟಿನಲ್ಲಿ ಇಳಿದೆ. ತಲೆ ಸಿಡಿಯುತ್ತಿತ್ತು. ಟೀ ಅಂಗಡಿಯ ಮುಂದೆ ನಿಂತಿದ್ದಾಗ ಬೇಳೆ, ಎಣ್ಣೆ ತುಂಬಿದ ಚೀಲ ಹಿಡಿದ ಹೆಂಗಸೊಬ್ಬಳು ಬಂದು ನನ್ನನ್ನೇ ನೋಡಿದಳು.

"ನೀವು ಮೇಷ್ಟ್ರ ಮಗಳಲ್ವಾ ಅಕ್ಕ? ನಾನು ರಶ್ಮಿ. ಲೋಕೇಶನ ಮನೆಯೋಳು."

ಒಂಬತ್ತು ವರ್ಷದಲ್ಲಿ ಮೈಕೈ ತುಂಬಿಕೊಂಡಿದ್ದಳು, ಮಾತು ಈ ಕಡೆಯದೇ ಆಗಿತ್ತು. ಇಬ್ಬರೂ ಟೀ ತಗೊಂಡೆವು. ಅಪ್ಪನ ಸುದ್ದಿ ಕೇಳಿ ಲೊಚಗುಟ್ಟಿದಳು. ಆಮೇಲೆ ಲೋಟ ತಿರುಗಿಸುತ್ತಾ, "ನೀವು ಯೋಳಿದಂಗೆ ಕೇಳ್ದೆ ಅಕ್ಕ, ಮೂರ್ನೇ ಚರಣ. ಮದುವೆ ಆದ ವಾರಕ್ಕೇ" ಎಂದಳು.

ನಾನು ಅವಳ ಹತ್ತಿರಕ್ಕೆ ಸರಿದೆ. "ಏನಂದ್ರು?"

"ನಾಳೆ ಅಂದ್ರು. ಆಮೇಲೆ ಮರ್ತೋಯ್ತು ಅಂದ್ರು. ಒಂದಿನ ಬರ್ಕೊಂಡೂ ಬಂದ್ರು. ಓದಿದ್ರೆ ನಗು ತಡಿಯಕಾಗ್ನಿಲ್ಲ. ನಂಗೆ ಅವಾಗ್ಲೇ ಅನುಮಾನ. ಆ ವರ್ಷ ಸೊಪ್ಪು ಕಟ್ಟಾಕೆ ಕೂತೆ. ನಮ್ಮೂರ ಕಡೆ ಭತ್ತ, ಕಬ್ಬು. ಸೊಪ್ಪು ಕಂಡೋಳಲ್ಲ ನಾನು. ಸಾಯಂಕಾಲ ನೋಡ್ಕತೀನಿ, ಅಂಗೈಯೆಲ್ಲ ಕಪ್ಪು. ಸೊಪ್ಪು ಕಟ್ಟೋರು ಹೆಂಗಸ್ರು ಅಕ್ಕ. ಇವ್ರು ಹುಟ್ಟಿದಾಗಿಂದ ಒಂದು ಕಡ್ಡಿ ಕಟ್ಟಿಲ್ಲ. ಆ ಹಾಡು ಹೆಣ್ಣಿನ ಕೈದು ಅಂತ ಅವತ್ತೇ ಗೊತ್ತಾಯ್ತು. ಆ ಕಾಲದಲ್ಲಿ ಸೊಪ್ಪೂ ಕಟ್ಟಿ ಹಾಡೂ ಬಲ್ಲೋರು ಯಾರಿದ್ರು ಅಂತ ಊರಲ್ಲಿ ಕೇಳಕೆ ಎಷ್ಟೊತ್ತು?"

ಬೈಯಲಿ ಎಂದು ನಿಂತೆ. ಬೈಯುವ ಹಕ್ಕು ಅವಳಿಗಿತ್ತು, ಅವಳ ಸಂಸಾರಕ್ಕೆ ಮುಳ್ಳು ಹಾಕಿದವಳು ನಾನು.

"ಗೊತ್ತಾದ್ಮೇಲೆ ಕೇಳೋದು ಬಿಟ್ಬಿಟ್ರಾ?" ಎಂದೆ, ಮೆಲ್ಲಗೆ.

"ಯಾಕ್ ಬುಡ್ಲಿ?" ರಶ್ಮಿ ಲೋಟ ಕೆಳಗಿಟ್ಟಳು. "ನನ್ ಮ್ಯಾಲೆ ಕೂಗಾಡಿದ್ ದಿನ ತಪ್ದಂಗೆ ಕೇಳ್ತೀನಿ. ಮನ್ಗೆ ನೆಂಟ್ರು ಬಂದ್ರೆ ಊಟಕ್ಕೆ ಕೂತಾಗ ಕೇಳ್ತೀನಿ. ಹಾಡಿ, ನೀವೇ ಬರ್ದಿದ್ದಲ್ವಾ ಅಂತೀನಿ. ಆ ಮುಖ ನೋಡ್ಬೇಕು ಅಕ್ಕ ನೀವು! ತುತ್ತು ಇಳಿಯಲ್ಲ."

ಹ್ಯಾಂಡ್‌ಪೋಸ್ಟಿನ ನಡುರಸ್ತೆಯಲ್ಲಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಟೀ ಅಂಗಡಿಯವನು ಗಾಬರಿಯಾಗಿ ನೋಡುತ್ತಿದ್ದ. ಇಷ್ಟು ವರ್ಷ ಒಬ್ಬಳೇ ಹೊತ್ತುಕೊಂಡಿದ್ದ ಸಿಟ್ಟಿಗೆ ಅವನ ಮನೆಯೊಳಗೇ ಒಬ್ಬಳು ಜೊತೆಗಾತಿ ಇದ್ದಳು, ನನಗೆ ಗೊತ್ತೇ ಇರಲಿಲ್ಲ.

ಅವಳ ಬಸ್ಸು ಬಂತು. ಚೀಲ ಎತ್ತಿಕೊಂಡಳು. ನಾನು ಅವಳ ಕೈ ಹಿಡಿದುಕೊಂಡೆ.

"ರಶ್ಮಿ, ಮೂರನೇ ಚರಣ ನಿಜವಾಗ್ಲೂ ಇದೆ. ಆಮೇಲೆ ಬರೆದೆ, ಯಾರಿಗೂ ತೋರಿಸಿಲ್ಲ. ಬರ್ಕೊಡ್ಲಾ?"

ಅವಳು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಯೋಚಿಸಿದಳು. ಕಂಡಕ್ಟರ್ ಸೀಟಿ ಊದಿದ.

"ಬ್ಯಾಡಿ ಅಕ್ಕ," ಎಂದಳು. "ಅದು ಸಿಕ್ಬುಟ್ರೆ, ಆಮ್ಯಾಕೆ ನಾನು ಅವ್ರನ್ನ ಏನಂತ ಕೇಳ್ಲಿ?"